ಯುದ್ಧ ಬೇಡವೆನ್ನುವ ಬಲಪಂಥ: ಅಮೆರಿಕದ ಹಳೆಯ ವಾದವೊಂದನ್ನು ಓದುವ ಬಗೆ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿದ್ದುಕೊಂಡು ಯುಪಿಎಸ್‌ಸಿಗೆ ಓದುತ್ತಿದ್ದೇನೆ, ಐಚ್ಛಿಕ ವಿಷಯ ರಾಜ್ಯಶಾಸ್ತ್ರ. ರಿಪಬ್ಲಿಕನ್ನರೆಂದರೆ ಇರಾಕ್ ಮೇಲೆ ಯುದ್ಧಕ್ಕೆ ಹೋದವರು ಎಂದೇ ತಲೆಯಲ್ಲಿ ಕೂತಿದೆ. ಆದರೆ ಬೇರೆಯವರ ಜಗಳಕ್ಕೆ ಹೋಗದಿರುವುದೇ ನಿಜವಾದ ಸಂಪ್ರದಾಯವಾದಿ ನೀತಿ ಎಂದು ಅದೇ ಪಕ್ಷದ ಕೆಲವರು ವಾದಿಸುತ್ತಾರೆ. ಯಾವುದು ಸರಿ? ಇದು ನಮ್ಮ ಅಲಿಪ್ತ ನೀತಿಯ ಹಾಗೆಯೇ? ಒಬ್ಬ ರಾಜಕಾರಣಿ ನಿಜಕ್ಕೂ ಈ ಪಂಥದವನೇ ಎಂದು ಗುರುತಿಸುವುದು ಹೇಗೆ?

ಉತ್ತರ: ಎರಡೂ ಸರಿ. 1950ರ ದಶಕದಿಂದ ಈಚೆಗೆ ಪಕ್ಷದ ಚುಕ್ಕಾಣಿ ಹೆಚ್ಚು ಕಾಲ ಯುದ್ಧಕ್ಕೆ ಹಿಂಜರಿಯದವರ ಕೈಯಲ್ಲೇ ಇತ್ತು. ನೀವು ಕೇಳುತ್ತಿರುವ ಬಣ ಅದಕ್ಕಿಂತ ಹಳೆಯದು. ಅದನ್ನು ಶಾಂತಿವಾದ ಎಂದು ಓದಿದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಈ ಜನ ಸೇನೆ ಬೇಡ ಎಂದವರಲ್ಲ, ವ್ಯಾಪಾರ ಬೇಡ ಎಂದವರೂ ಅಲ್ಲ. ಅವರಿಗೆ ಹೊರಗಿನ ಶತ್ರುವಿಗಿಂತ ಹೆಚ್ಚು ಭಯ ತಮ್ಮದೇ ಸರ್ಕಾರದ್ದು. ಯುದ್ಧ ಬಂದರೆ ತೆರಿಗೆ ಏರುತ್ತದೆ, ಸಾಲ ಬೆಳೆಯುತ್ತದೆ, ಊರಿನ ಹುಡುಗರನ್ನು ಕಡ್ಡಾಯವಾಗಿ ಸೇನೆಗೆ ಎಳೆಯುತ್ತಾರೆ, ಅಧ್ಯಕ್ಷನ ಕೈಗೆ ಹೋದ ಅಧಿಕಾರ ಯುದ್ಧ ಮುಗಿದ ಮೇಲೂ ವಾಪಸು ಬರುವುದಿಲ್ಲ. ಈ ಭಯಕ್ಕೆ ಆಧಾರವೂ ಇದೆ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿ ಅಮೆರಿಕದಲ್ಲಿ ವ್ಯಾಪಕವಾಗಿ ಜಾರಿಗೆ ಬಂದದ್ದು 1943ರಲ್ಲಿ, ಯುದ್ಧದ ಖರ್ಚಿಗೆಂದು. ಯುದ್ಧ ಮುಗಿಯಿತು, ಪದ್ಧತಿ ಉಳಿಯಿತು. 1917ರ ಗೂಢಚರ್ಯೆ ಕಾಯ್ದೆಯೂ ಇಂದಿಗೂ ಜೀವಂತವಾಗಿದೆ.

ಆದ್ದರಿಂದ ಈ ವಾದದ ಬೇರು ಸಂವಿಧಾನದಲ್ಲಿದೆ. ಅಮೆರಿಕ ಸಂವಿಧಾನದ 1ನೇ ವಿಧಿಯ 8ನೇ ಭಾಗ ಯುದ್ಧ ಸಾರುವ ಅಧಿಕಾರವನ್ನು ಕಾಂಗ್ರೆಸ್ಸಿಗೆ (ಅಲ್ಲಿನ ಸಂಸತ್ತಿಗೆ) ಕೊಟ್ಟಿದೆ, ಅಧ್ಯಕ್ಷನಿಗಲ್ಲ. ಒಪ್ಪಂದಗಳಿಗೆ ಅದರ ಮೇಲ್ಮನೆಯಾದ ಸೆನೆಟ್‌ನಲ್ಲಿ ಹಾಜರಿದ್ದವರ ಮೂರನೇ ಎರಡರಷ್ಟು ಮತ ಬೇಕು. ಮುಂದೆ ಬರುವ ಜಗಳಗಳೆಲ್ಲ ಈ ಎರಡು ಬಾಗಿಲುಗಳ ಬಳಿಯೇ ನಡೆದಿವೆ.

ಹಳೆಯ ಮಾತುಗಳನ್ನು ಉದ್ಧರಿಸುವಾಗ ವಿದ್ಯಾರ್ಥಿಗಳು ಪದೇ ಪದೇ ಎಡವುವ ಜಾಗವೊಂದಿದೆ. ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಪತ್ರದಲ್ಲಿ ಎಚ್ಚರಿಸಿದ್ದು ಶಾಶ್ವತ ಮೈತ್ರಿಗಳ ಬಗ್ಗೆ. ತುರ್ತು ಸಂದರ್ಭದಲ್ಲಿ ತಾತ್ಕಾಲಿಕ ಮೈತ್ರಿ ಮಾಡಿಕೊಳ್ಳಬಹುದು ಎಂದು ಅದೇ ಪತ್ರದಲ್ಲಿದೆ. ಸಿಕ್ಕಿಹಾಕಿಸುವ ಮೈತ್ರಿ ಯಾರೊಡನೆಯೂ ಬೇಡ ಎಂದದ್ದು ಥಾಮಸ್ ಜೆಫರ್ಸನ್, 1801ರಲ್ಲಿ ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲಿ. ಅಮೆರಿಕ ರಾಕ್ಷಸರನ್ನು ಕೊಲ್ಲಲು ಅವರನ್ನು ಹುಡುಕಿಕೊಂಡು ಹೊರದೇಶಕ್ಕೆ ಹೋಗುವುದಿಲ್ಲ ಎಂದದ್ದು ಜಾನ್ ಕ್ವಿನ್ಸಿ ಆಡಮ್ಸ್, 1821ರ ಜುಲೈ 4ರಂದು, ಆಗ ಅವರು ವಿದೇಶಾಂಗ ಕಾರ್ಯದರ್ಶಿ. ಈ ಮೂರನ್ನೂ ವಾಷಿಂಗ್ಟನ್ ತಲೆಗೆ ಕಟ್ಟಿದ ಉತ್ತರಗಳೇ ಹೆಚ್ಚು. 1778ರಲ್ಲಿ ಫ್ರಾನ್ಸ್ ಜೊತೆ ಮಾಡಿಕೊಂಡ ಮೈತ್ರಿಯಿಂದಾಗಿ 1793ರಲ್ಲಿ ಯುರೋಪಿನ ಯುದ್ಧಕ್ಕೆ ಅಮೆರಿಕ ಬೀಳುವುದರಲ್ಲಿತ್ತು. ವಾಷಿಂಗ್ಟನ್ ಮಾತಿನ ಹಿಂದೆ ಇದ್ದದ್ದು ಆ ಅನುಭವ.

ಇನ್ನೊಂದು ಎಚ್ಚರ. ಸಂಪ್ರದಾಯವಾದಿ ಎಂದ ಮಾತ್ರಕ್ಕೆ ಯುದ್ಧವಿರೋಧಿ ಎಂದಾಗುವುದಿಲ್ಲ. ಈ ಚಿಂತನೆಯ ಪಿತಾಮಹ ಎನಿಸಿಕೊಂಡ ಎಡ್ಮಂಡ್ ಬರ್ಕ್ ಅವರೇ ಕ್ರಾಂತಿಕಾರಿ ಫ್ರಾನ್ಸ್ ವಿರುದ್ಧ ರಾಜಿಯಿಲ್ಲದೆ ಹೋರಾಡಬೇಕು ಎಂದು ಬರೆದರು. ಅದೇ ಬ್ರಿಟನ್ನಿನ ಟೋರಿ (ಸಂಪ್ರದಾಯವಾದಿ) ಪಕ್ಷದ ವಿದೇಶಾಂಗ ಸಚಿವ ಕ್ಯಾಸಲ್‌ರೇ 1820ರ ಮೇ ತಿಂಗಳ ರಾಜ್ಯಪತ್ರದಲ್ಲಿ, ಬೇರೆ ದೇಶಗಳ ಒಳಗಿನ ದಂಗೆಗಳನ್ನು ಅಡಗಿಸುವುದು ಯುರೋಪಿನ ದೊಡ್ಡ ದೇಶಗಳ ಮೈತ್ರಿಕೂಟದ ಕೆಲಸವಲ್ಲ ಎಂದರು. ಎರಡೂ ಎಳೆ ಮೊದಲಿನಿಂದಲೂ ಇವೆ.

1898ರ ಸ್ಪೇನ್ ಯುದ್ಧದ ನಂತರ ಫಿಲಿಪ್ಪೀನ್ಸನ್ನು ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಬಂದಾಗ ಅಮೆರಿಕದಲ್ಲಿ ಈ ವಾದ ದೊಡ್ಡದಾಗಿ ಎದ್ದಿತು. ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಗ್ರಹಾಂ ಸಮ್ನರ್, ಉದ್ಯಮಿ ಆಂಡ್ರ್ಯೂ ಕಾರ್ನೆಗಿ, ಮಾಜಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ವಿರೋಧಿಸಿದರು. ಸ್ಪೇನನ್ನು ಸೋಲಿಸಿದ ನಾವೇ ಸ್ಪೇನಿನಂಥ ಸಾಮ್ರಾಜ್ಯವಾಗಿಬಿಡುತ್ತೇವೆ ಎಂಬುದು ಸಮ್ನರ್ ಅವರ ತಕರಾರು. 1899ರ ಫೆಬ್ರುವರಿಯಲ್ಲಿ ಸೆನೆಟ್ ಸ್ಪೇನ್ ಜೊತೆಗಿನ ಒಪ್ಪಂದವನ್ನು 57–27ರಿಂದ ಅಂಗೀಕರಿಸಿತು, ಬೇಕಾದ್ದಕ್ಕಿಂತ ಒಂದೇ ಮತ ಹೆಚ್ಚು. ಸ್ಪೇನಿಗೆ 2 ಕೋಟಿ ಡಾಲರ್ ಸಂದಿತು. ಫಿಲಿಪ್ಪೀನ್ಸ್ ಜನರೊಡನೆ ವರ್ಷಗಟ್ಟಲೆ ಯುದ್ಧ ಮಾಡಬೇಕಾಯಿತು. ಬೀದೀಲಿ ಹೋಗೋ ಮಾರಿಯನ್ನು ಮನೆಗೆ ಕರೆದರು ಎಂದು ನಮ್ಮವರು ಹೇಳುವುದು ಇಂಥದ್ದಕ್ಕೇ.

ಮೊದಲ ಮಹಾಯುದ್ಧದ ನಂತರ ಹುಟ್ಟಿದ, ವಿಶ್ವಸಂಸ್ಥೆಗೂ ಮೊದಲಿನ ರಾಷ್ಟ್ರಸಂಘಕ್ಕೆ (ಲೀಗ್ ಆಫ್ ನೇಷನ್ಸ್) ಸೇರಬೇಕೇ ಎಂಬ 1919–20ರ ಚರ್ಚೆಯನ್ನು ಪಠ್ಯಗಳು 'ಅಮೆರಿಕ ಬಾಗಿಲು ಹಾಕಿಕೊಂಡಿತು' ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಡೆದದ್ದು ಅಷ್ಟು ಸರಳವಾಗಿರಲಿಲ್ಲ. ಸೆನೆಟ್‌ನಲ್ಲಿ ಎರಡು ವಿರೋಧಗಳಿದ್ದವು. ವಿಲಿಯಂ ಬೋರಾ, ಹೈರಮ್ ಜಾನ್ಸನ್ ಅವರಂಥವರಿಗೆ ರಾಷ್ಟ್ರಸಂಘ ಯಾವ ರೂಪದಲ್ಲೂ ಬೇಡ. ಹೆನ್ರಿ ಕ್ಯಾಬಟ್ ಲಾಜ್ ಮತ್ತು ಸಂಗಡಿಗರಿಗೆ ಷರತ್ತು ಹಾಕಿದರೆ ಸರಿ. ಅವರ ಮುಖ್ಯ ಷರತ್ತು ರಾಷ್ಟ್ರಸಂಘದ ಕರಾರಿನ 10ನೇ ವಿಧಿಯ ಮೇಲೆ. ಸದಸ್ಯ ದೇಶಗಳ ಗಡಿಯನ್ನು ಹೊರಗಿನ ದಾಳಿಯಿಂದ ಕಾಪಾಡುವ ಹೊಣೆ ಎಲ್ಲ ಸದಸ್ಯರದ್ದು ಎನ್ನುತ್ತಿತ್ತು ಆ ವಿಧಿ. ಲಾಜ್ ಕೇಳಿದ್ದು ಇಷ್ಟು: ಪ್ರತಿ ಬಾರಿಯೂ ಕಾಂಗ್ರೆಸ್ ಒಪ್ಪಿದರೆ ಮಾತ್ರ ಅಮೆರಿಕದ ಸೇನೆ ಹೊರಡಬೇಕು. 1919ರ ನವೆಂಬರ್ 19ರಂದು ಷರತ್ತುಸಹಿತ ಕರಾರು 39–55ರಿಂದ ಬಿತ್ತು, ಷರತ್ತಿಲ್ಲದ್ದು 38–53ರಿಂದ ಬಿತ್ತು. 1920ರ ಮಾರ್ಚ್ 19ರಂದು ಷರತ್ತುಸಹಿತವಾಗಿ ಮತ್ತೆ ಮತಕ್ಕೆ ಬಂದಾಗ 49–35. ಬಹುಮತವಿತ್ತು, ಮೂರನೇ ಎರಡಕ್ಕೆ 7 ಮತ ಸಾಲದೆ ಹೋಯಿತು. ಅಧ್ಯಕ್ಷ ವುಡ್ರೊ ವಿಲ್ಸನ್ ತಮ್ಮದೇ ಡೆಮಾಕ್ರಟಿಕ್ ಸೆನೆಟರುಗಳಿಗೆ ಷರತ್ತುಗಳನ್ನು ಒಪ್ಪಬೇಡಿ ಎಂದಿದ್ದರು. ಹಾಗಾಗಿ ಕರಾರನ್ನು ಕೊಂದವರಲ್ಲಿ ಅದನ್ನು ಹೆತ್ತವರದ್ದೂ ಪಾಲಿದೆ.

ಬೇರೆಯವರ ಯುದ್ಧಗಳಿಂದ ಅಮೆರಿಕವನ್ನು ದೂರವಿಡಲು ತಂದ 1935ರಿಂದ 1939ರವರೆಗಿನ ತಾಟಸ್ಥ್ಯ ಕಾಯ್ದೆಗಳನ್ನು ಬೇಗ ದಾಟೋಣ, ಅವು ನಿಮ್ಮ ಪಠ್ಯದಲ್ಲಿವೆ. 1940ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಅಮೆರಿಕ ಫಸ್ಟ್ ಸಮಿತಿಯ ಬಳಿ ಮಾತ್ರ ನಿಲ್ಲಬೇಕು. ಯೇಲ್‌ನ ಕಾನೂನು ವಿದ್ಯಾರ್ಥಿಗಳು ಶುರು ಮಾಡಿದ ಸಂಘಟನೆ ಇದು. ಸಿಯರ್ಸ್ ಕಂಪನಿಯ ರಾಬರ್ಟ್ ವುಡ್ ಅಧ್ಯಕ್ಷರು, ಸದಸ್ಯರು ಸುಮಾರು 8 ಲಕ್ಷ. ಬ್ರಿಟನ್ನಿಗೆ ಶಸ್ತ್ರ ಕೊಡುವುದು ಯುದ್ಧಕ್ಕೆ ಹಿಂಬಾಗಿಲು ಎಂಬುದು ಅವರ ವಾದ. ಆ ವಾದ ಹದಗೆಟ್ಟದ್ದು 1941ರ ಸೆಪ್ಟೆಂಬರ್ 11ರಂದು, ಐಯೊವಾದ ಡಿ ಮೊಯ್ನ್‌ನಲ್ಲಿ. ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರು ಬ್ರಿಟಿಷರು, ಯಹೂದಿಗಳು ಮತ್ತು ರೂಸ್‌ವೆಲ್ಟ್ ಸರ್ಕಾರ ಎಂದು ಸಮಿತಿಯ ಪ್ರಮುಖ ಭಾಷಣಕಾರ, ಹೆಸರಾಂತ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅಂದು ಹೆಸರಿಟ್ಟು ಹೇಳಿದರು. ಸಂವಿಧಾನದ ವಾದವಾಗಿದ್ದದ್ದು ಒಂದು ಜನಾಂಗದ ಮೇಲಿನ ಆರೋಪವಾಯಿತು. ಮೂರು ತಿಂಗಳಲ್ಲಿ ಪರ್ಲ್ ಹಾರ್ಬರ್ ದಾಳಿಯಾಗಿ ಸಮಿತಿ ಮುಚ್ಚಿತು. ಹಿಟ್ಲರ್ ವಿಷಯದಲ್ಲಿ ಈ ಬಣದ ಅಂದಾಜು ತಪ್ಪಾಗಿತ್ತು, ಅದನ್ನು ಮರೆಮಾಚಿ ಇದರ ಇತಿಹಾಸ ಬರೆಯಲಾಗದು. ಆ ಕಳಂಕ ಈ ಪಂಥಕ್ಕೆ ಇನ್ನೂ ಅಂಟಿಕೊಂಡಿದೆ.

ಈ ಪರಂಪರೆಯಿಂದ ಒಬ್ಬರನ್ನೇ ಓದಲು ಸಮಯವಿದ್ದರೆ ಒಹಾಯೊದ ಸೆನೆಟರ್ ರಾಬರ್ಟ್ ಟ್ಯಾಫ್ಟ್ ಅವರನ್ನು ಓದಿ. ಮಾಜಿ ಅಧ್ಯಕ್ಷ ವಿಲಿಯಂ ಟ್ಯಾಫ್ಟ್ ಅವರ ಮಗ, 1939ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ಸೆನೆಟರ್. 1949ರ ಜುಲೈ 21ರಂದು ನೇಟೊ ಒಪ್ಪಂದ 82–13ರಿಂದ ಪಾಸಾದಾಗ ಆ 13ರಲ್ಲಿ ಅವರೂ ಒಬ್ಬರು. ಅವರ ಆಕ್ಷೇಪ ಎಲ್ಲಿತ್ತು ಎಂಬುದನ್ನು ಗಮನಿಸಿ. ಸೋವಿಯತ್ ಒಕ್ಕೂಟ ಪಶ್ಚಿಮ ಯುರೋಪಿನ ಮೇಲೆ ಬಿದ್ದರೆ ಅಮೆರಿಕ ಸುಮ್ಮನಿರಬೇಕು ಎಂದು ಅವರು ಹೇಳಲಿಲ್ಲ. ಅಮೆರಿಕ ಖಂಡಗಳಲ್ಲಿ ಹೊರಗಿನವರು ಕೈಹಾಕಬಾರದು ಎಂಬ ಮನ್ರೊ ಸಿದ್ಧಾಂತವನ್ನೇ ಯುರೋಪಿಗೆ ವಿಸ್ತರಿಸಿ ಘೋಷಿಸಿದರೆ ಸಾಕು, ಅದು ನಮ್ಮ ಮಾತು, ಬೇಕಾದಾಗ ನಾವೇ ಬದಲಿಸಬಹುದು ಎಂದರು. ಒಪ್ಪಂದವೋ, 13ನೇ ವಿಧಿಯ ಪ್ರಕಾರ 20 ವರ್ಷ ಕಳೆಯುವವರೆಗೆ ಹೊರಬರಲು ದಾರಿಯಿಲ್ಲದ್ದು. ಜೊತೆಗೆ ಅಷ್ಟೂ ದೇಶಗಳಿಗೆ ಶಸ್ತ್ರ ಒದಗಿಸುವ ಹೊರೆ.

ಮರುವರ್ಷ ಕೊರಿಯಾ. 1950ರ ಜೂನ್ 27ರಂದು ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸನ್ನು ಕೇಳದೆಯೇ ವಾಯುಪಡೆ, ನೌಕಾಪಡೆಗಳನ್ನು ಕಳಿಸಿದರು. ಮರುದಿನ ಟ್ಯಾಫ್ಟ್ ಸೆನೆಟ್‌ನಲ್ಲಿ ಎದ್ದು ನಿಂತು, ಇದಕ್ಕೆ ಕಾನೂನಿನ ಆಧಾರವಿಲ್ಲ ಎಂದರು. ನಿರ್ಣಯ ತಂದರೆ ತಾವೇ ಅದರ ಪರ ಮತ ಹಾಕುವುದಾಗಿಯೂ ಹೇಳಿದರು. ಯುದ್ಧ ಸರಿಯೋ ತಪ್ಪೋ ಎಂಬುದಕ್ಕಿಂತ ಅದನ್ನು ನಿರ್ಧರಿಸುವವರು ಯಾರು ಎಂಬುದು ಅವರಿಗೆ ಮೊದಲ ಪ್ರಶ್ನೆ. ಟ್ರೂಮನ್ ನಿರ್ಣಯ ತರಲಿಲ್ಲ. ಅಲ್ಲಿಂದೀಚೆಗೆ ಯಾವ ಅಮೆರಿಕನ್ ಅಧ್ಯಕ್ಷನೂ ಯುದ್ಧ ಸಾರುವಂತೆ ಕಾಂಗ್ರೆಸ್ಸನ್ನು ಕೇಳಿಲ್ಲ, ಕೊನೆಯ ಔಪಚಾರಿಕ ಘೋಷಣೆ 1942ರದ್ದು. 1951ರಲ್ಲಿ ಯುರೋಪಿಗೆ ಇನ್ನೂ 4 ಡಿವಿಷನ್ ಸೇನೆ ಕಳಿಸುವ ಪ್ರಶ್ನೆ ಬಂದಾಗ ಮೂರು ತಿಂಗಳು ಚರ್ಚೆ ನಡೆಯಿತು. ಕೊನೆಗೆ ಏಪ್ರಿಲ್ 4ರಂದು ಸೆನೆಟ್ 69–21ರಿಂದ ನಾಲ್ಕಕ್ಕೆ ಒಪ್ಪಿ, ಇನ್ನೂ ಹೆಚ್ಚು ಬೇಕಾದರೆ ನಮ್ಮನ್ನು ಕೇಳಿ ಎಂದಿತು.

ಟ್ಯಾಫ್ಟ್ ಅವರನ್ನು ಪೂಜಿಸಬೇಕಾಗಿಲ್ಲ. ಯುರೋಪಿನ ವಿಷಯದಲ್ಲಿ ಇಷ್ಟು ಬಿಗಿ ಹಿಡಿದವರು ಏಷ್ಯಾದ ವಿಷಯದಲ್ಲಿ ಸಡಿಲ ಬಿಟ್ಟರು. ಚೀನಾದ ಕಮ್ಯುನಿಸ್ಟ್ ವಿರೋಧಿ ನಾಯಕ ಚಿಯಾಂಗ್ ಕೈ-ಶೇಕ್‌ಗೆ ನೆರವು ಬೇಕೆಂದರು, ಕೊರಿಯಾ ಯುದ್ಧವನ್ನು ಚೀನಾಕ್ಕೂ ವಿಸ್ತರಿಸಬೇಕೆಂದ ಜನರಲ್ ಮೆಕಾರ್ಥರ್ ಪರ ನಿಂತರು. ಅಟ್ಲಾಂಟಿಕ್ ಕಡೆಗೆ ಸಂಯಮ, ಪೆಸಿಫಿಕ್ ಕಡೆಗೆ ಉತ್ಸಾಹ: ಈ ಪಂಥದಲ್ಲಿ ಇದು ಹಳೆಯ ರೋಗ. ಮನ್ರೊ ಸಿದ್ಧಾಂತದ ಹೆಸರಿನಲ್ಲಿ ಲ್ಯಾಟಿನ್ ಅಮೆರಿಕವನ್ನು ಸ್ವಂತ ಹಿತ್ತಲೆಂದು ಭಾವಿಸುವುದೂ ಅದೇ ಜಾತಿಯದ್ದು.

1952ರಲ್ಲಿ ಪಕ್ಷ ಟ್ಯಾಫ್ಟ್ ಅವರನ್ನು ಬಿಟ್ಟು ಐಸೆನ್‌ಹೋವರ್ ಅವರನ್ನು ಅಭ್ಯರ್ಥಿ ಮಾಡಿತು. ಕಮ್ಯುನಿಸಂ ವಿರುದ್ಧದ ಹೋರಾಟ ಮುಗಿಯುವವರೆಗೆ ದೊಡ್ಡ ಸರ್ಕಾರವನ್ನು ಸಹಿಸಿಕೊಳ್ಳಲೇಬೇಕು ಎಂದು ಬಲಪಂಥದ ತರುಣ ಲೇಖಕ ವಿಲಿಯಂ ಬಕ್ಲಿ ಅದೇ ವರ್ಷ ಬರೆದರು. ಬಲಪಂಥದ ಮುಂದಿನ ನಲವತ್ತು ವರ್ಷಗಳ ದಿಕ್ಕು ಬಹುಮಟ್ಟಿಗೆ ಅದೇ ಆಯಿತು. ಹಳೆಯವರು ಒಂದು ಕೊನೆಯ ಪಟ್ಟು ಹಾಕಿದರು: ಅಧ್ಯಕ್ಷ ಮಾಡಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಕಡಿವಾಣ ಹಾಕುವ ಬ್ರಿಕರ್ ತಿದ್ದುಪಡಿ. 1954ರ ಫೆಬ್ರುವರಿ 26ರಂದು ಅದರ ಬದಲಿ ರೂಪ 60–31ರಲ್ಲಿ ನಿಂತು, ಮೂರನೇ ಎರಡಕ್ಕೆ ಒಂದೇ ಮತ ಸಾಲದೆ ಬಿತ್ತು.

ಈಗ ನಿಮ್ಮ ಮೂರನೇ ಪ್ರಶ್ನೆಗೆ ಬೇಕಾದ ಉಪಕರಣ, 1973ರ ಯುದ್ಧಾಧಿಕಾರ ನಿರ್ಣಯ. ನಿಕ್ಸನ್ ಅವರ ವೀಟೊ ಮೀರಿ ಬಂದ ಕಾನೂನು ಇದು. ಸೇನೆಯನ್ನು ಕಾದಾಟಕ್ಕೆ ಇಳಿಸಿದ 48 ಗಂಟೆಯೊಳಗೆ ಅಧ್ಯಕ್ಷ ಕಾಂಗ್ರೆಸ್ಸಿಗೆ ವರದಿ ಕೊಡಬೇಕು. 60 ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ವಾಪಸು ಕರೆಸಬೇಕು, ಸೈನಿಕರ ಸುರಕ್ಷತೆಗೆಂದು ಇನ್ನೂ 30 ದಿನ ಸಿಗುತ್ತದೆ. ಓದಲು ಚೆನ್ನಾಗಿದೆ, ಕೆಲಸ ಮಾಡುವುದಿಲ್ಲ. ಮೊದಲ ಕಾರಣ, 60 ದಿನದ ಗಡಿಯಾರ ಓಡುವುದು 'ಕಾದಾಟ' ನಡೆದಿದೆ ಎಂದಾದರೆ ಮಾತ್ರ. 2011ರಲ್ಲಿ ಲಿಬಿಯಾ ಮೇಲೆ ತಿಂಗಳುಗಟ್ಟಲೆ ಬಾಂಬ್ ಬಿದ್ದರೂ ಒಬಾಮ ಸರ್ಕಾರ ಅದು ಆ ಅರ್ಥದ ಕಾದಾಟವಲ್ಲ ಎಂದು ವಾದಿಸಿತು. ಎರಡನೆಯದು ಇನ್ನೂ ಗಂಭೀರ. ಅಧ್ಯಕ್ಷನ ಸಹಿಯಿಲ್ಲದ ನಿರ್ಣಯದಿಂದಲೇ ಕಾಂಗ್ರೆಸ್ ಸೇನೆಯನ್ನು ವಾಪಸು ಕರೆಸಬಹುದು ಎಂದು ಮೂಲ ಕಾನೂನಿನಲ್ಲಿತ್ತು. ಅಂಥ ಶಾಸಕಾಂಗ ವೀಟೊಗಳು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ 1983ರ ಚಡ್ಡಾ ಪ್ರಕರಣದಲ್ಲಿ ಹೇಳಿದ ಮೇಲೆ ಆ ಹಲ್ಲು ಉದುರಿತು. ಈಗ ಯುದ್ಧ ನಿಲ್ಲಿಸುವ ನಿರ್ಣಯಕ್ಕೂ ಅಧ್ಯಕ್ಷನದೇ ಸಹಿ ಬೇಕು. ಅವರು ವೀಟೊ ಮಾಡಿದರೆ ಮೂರನೇ ಎರಡು ಬೇಕು. 2019ರಲ್ಲಿ ಯೆಮೆನ್, 2020ರಲ್ಲಿ ಇರಾನ್ ಕುರಿತ ನಿರ್ಣಯಗಳು ಎರಡೂ ಸದನ ದಾಟಿ ಟ್ರಂಪ್ ಅವರ ವೀಟೊಗೆ ಬಿದ್ದವು.

ಗುರುತಿಸುವ ಬಗೆ ಹೀಗೆ. ಭಾಷಣ ಬದಿಗಿಡಿ, ಮತ ನೋಡಿ. ಹೆಸರು ದಾಖಲಿಸಿ ನಡೆದ ಪ್ರತಿ ಮತದಾನದ ಪಟ್ಟಿ ಕಾಂಗ್ರೆಸ್ಸಿನ ಅಧಿಕೃತ ದಾಖಲೆಯಲ್ಲಿ ಸಿಗುತ್ತದೆ. ಒಂದೇ ಮತದಿಂದ ತೀರ್ಮಾನಕ್ಕೆ ಬರಬೇಡಿ. 2024ರ ಏಪ್ರಿಲ್ 20 ಇದಕ್ಕೆ ಹೇಳಿಮಾಡಿಸಿದ ದಿನ. ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆ ಅಂದು ನೆರವಿನ ಮಸೂದೆಗಳನ್ನು ಬಿಡಿಬಿಡಿಯಾಗಿ ಮತಕ್ಕೆ ಹಾಕಿತು. ಉಕ್ರೇನ್ ನೆರವು 311–112ರಲ್ಲಿ ಗೆದ್ದಿತು, ವಿರೋಧಿಸಿದ 112 ಮಂದಿಯೂ ರಿಪಬ್ಲಿಕನ್ನರೇ. ಇಸ್ರೇಲ್ ನೆರವು 366–58ರಲ್ಲಿ ಗೆದ್ದಿತು, ವಿರೋಧಿಸಿದ ರಿಪಬ್ಲಿಕನ್ನರು 21 ಮಾತ್ರ. ನಮ್ಮ ತೆರಿಗೆ ಹಣ ಹೊರದೇಶದ ಯುದ್ಧಕ್ಕೆ ಬೇಡ ಎಂಬ ತತ್ವದ ಮೇಲೆ ಉಕ್ರೇನನ್ನು ವಿರೋಧಿಸಿದವರು ಅದೇ ದಿನ ಇನ್ನೊಂದಕ್ಕೆ ಹೂಂ ಎಂದಿದ್ದರೆ, ಅವರ ಲೆಕ್ಕ ಬೇರೆ. ಕೆಂಟಕಿಯ ಥಾಮಸ್ ಮ್ಯಾಸಿ ಎರಡಕ್ಕೂ ಬೇಡ ಎಂದವರು.

ಎರಡನೇ ಪರೀಕ್ಷೆ, ಶ್ವೇತಭವನದಲ್ಲಿ ಯಾರಿದ್ದರು ಎಂಬುದು. 1999ರ ಏಪ್ರಿಲಿನಲ್ಲಿ ಕ್ಲಿಂಟನ್ ಅವರ ಕೊಸೊವೊ ವಾಯುದಾಳಿಗೆ ಒಪ್ಪಿಗೆ ಕೇಳಿದಾಗ ಪ್ರತಿನಿಧಿ ಸಭೆ 213–213ರಲ್ಲಿ ಸಮವಾಗಿ ಒಡೆಯಿತು, ಬೇಡ ಎಂದವರಲ್ಲಿ ಬಹುಪಾಲು ರಿಪಬ್ಲಿಕನ್ನರು. ಮೂರೂವರೆ ವರ್ಷದ ನಂತರ ತಮ್ಮದೇ ಪಕ್ಷದ ಬುಷ್ ಇರಾಕ್ ಯುದ್ಧಕ್ಕೆ ಅನುಮತಿ ಕೇಳಿದಾಗ ಆ ಸಭೆಯ ರಿಪಬ್ಲಿಕನ್ನರಲ್ಲಿ ಬೇಡ ಎಂದವರು ಆರೇ ಮಂದಿ. 2025ರ ಜೂನ್‌ನಲ್ಲಿ ಇರಾನಿನ ಅಣುಕೇಂದ್ರಗಳ ಮೇಲಿನ ದಾಳಿಯ ನಂತರ ಸೆನೆಟ್‌ಗೆ ಬಂದ, ಟ್ರಂಪ್ ಅವರ ಯುದ್ಧಾಧಿಕಾರಕ್ಕೆ ತಡೆ ಹಾಕುವ ನಿರ್ಣಯ 47–53ರಿಂದ ಬಿತ್ತು. ಪರವಾಗಿ ನಿಂತ ರಿಪಬ್ಲಿಕನ್ ರ‍್ಯಾಂಡ್ ಪಾಲ್ ಒಬ್ಬರೇ. ತಮ್ಮವರೇ ಅಧಿಕಾರದಲ್ಲಿದ್ದಾಗ ಹಾಕಿದ ಮತಕ್ಕೆ ತೂಕ ಜಾಸ್ತಿ.

ನಡುವೆ ಮನಸ್ಸು ಬದಲಿಸಿದ, ಉತ್ತರ ಕೆರೊಲಿನಾದ ರಿಪಬ್ಲಿಕನ್ ಪ್ರತಿನಿಧಿ ವಾಲ್ಟರ್ ಜೋನ್ಸ್ ಅವರಂಥವರೂ ಇದ್ದರು. 2003ರಲ್ಲಿ ಫ್ರಾನ್ಸ್ ಇರಾಕ್ ಯುದ್ಧಕ್ಕೆ ಬರಲಿಲ್ಲವೆಂಬ ಸಿಟ್ಟಿಗೆ ಪ್ರತಿನಿಧಿ ಸಭೆಯ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್‌ಗೆ 'ಫ್ರೀಡಂ ಫ್ರೈಸ್' ಎಂದು ಹೆಸರು ಹಾಕಿಸಿದವರಲ್ಲಿ ಅವರೊಬ್ಬರು. 2005ರ ಹೊತ್ತಿಗೆ ಅದೇ ಯುದ್ಧದ ಕಟು ವಿರೋಧಿಯಾದರು. ಮಡಿದ ಸೈನಿಕರ ಮನೆಗಳಿಗೆ ಸಾವಿರಾರು ಪತ್ರ ಬರೆದರು, ತಮ್ಮ ಕಚೇರಿಯ ಹೊರಗೆ ಅವರ ಫೋಟೊಗಳನ್ನು ಸಾಲಾಗಿ ಹಾಕಿಸಿದರು.

ಇನ್ನು ಅಲಿಪ್ತ ನೀತಿ. ಹೋಲಿಕೆ ಮೇಲುಮೇಲಿನದು. ನೆಹರೂ ಅವರದ್ದು ಆಗತಾನೇ ಸ್ವತಂತ್ರವಾದ ಬಡ ದೇಶದ ನೀತಿ. ಅಮೆರಿಕ, ಸೋವಿಯತ್ ಎರಡೂ ಬಣಗಳಿಂದ ನೆರವು ಪಡೆಯಲು ಜಾಗ ಬೇಕಿತ್ತು, ವಿಶ್ವಸಂಸ್ಥೆಯ ಮೇಲೆ ನಂಬಿಕೆಯೂ ಇತ್ತು. ಟ್ಯಾಫ್ಟ್ ಪಂಥದ ಬಹುತೇಕರಿಗೆ ವಿಶ್ವಸಂಸ್ಥೆಯೇ ಅನುಮಾನದ ವಸ್ತು. ನಮ್ಮಲ್ಲಿ ಬಲಪಂಥದ ಪಾತ್ರ ತಿರುವುಮುರುವು ಎಂಬುದು ಉತ್ತರದಲ್ಲಿ ಬರೆಯಬೇಕಾದ ಅಂಶ. ನಮ್ಮ ಊರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿ 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷ ಸಣ್ಣ ಸರ್ಕಾರ, ಕಡಿಮೆ ತೆರಿಗೆ ಎನ್ನುವುದರಲ್ಲಿ ಟ್ಯಾಫ್ಟ್ ಅವರಿಗೆ ಹತ್ತಿರ. ಆದರೆ ವಿದೇಶಾಂಗ ನೀತಿಯಲ್ಲಿ ಅಲಿಪ್ತತೆಯನ್ನು ಟೀಕಿಸಿ ಪಶ್ಚಿಮದ ದೇಶಗಳ ಕಡೆ ವಾಲಿತು. ದೂರವಿರಿ ಎಂದದ್ದು ಇಲ್ಲಿ ನೆಹರೂ, ಅಲ್ಲಿ ಟ್ಯಾಫ್ಟ್.

ಕಾನೂನಿನ ವ್ಯತ್ಯಾಸವೂ ಇದೆ. ನಮ್ಮ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 14ನೇ ನಮೂದು ಒಪ್ಪಂದಗಳದ್ದು, 15ನೆಯದು ಯುದ್ಧ ಮತ್ತು ಶಾಂತಿಯದ್ದು. ಆಚರಣೆಯಲ್ಲಿ ಎರಡನ್ನೂ ನಿರ್ಧರಿಸುವುದು ಸಚಿವ ಸಂಪುಟ, ಸಂಸತ್ತಿನ ಪೂರ್ವಾನುಮತಿ ಬೇಕಿಲ್ಲ. 1987ರಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದದ್ದೂ ಹಾಗೆಯೇ. 1990ರಲ್ಲಿ ವಾಪಸಾಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಯೋಧರು ಮಡಿದಿದ್ದರು. ಟ್ಯಾಫ್ಟ್ ಮಾಡಿದಂಥ ತಕರಾರಿಗೆ ನಮ್ಮ ವ್ಯವಸ್ಥೆಯಲ್ಲಿ ಹಿಡಿಯಲು ಕೊಂಬೆಯೇ ಇಲ್ಲ.

ಬೆಂಗಳೂರಿನವರು ತಿಳಿದಿರಬೇಕಾದ ಇನ್ನೊಂದು ಮಾತು: ಸೇನೆ ಕಳಿಸುವುದಿಲ್ಲ ಎನ್ನುವವರೆಲ್ಲ ವ್ಯಾಪಾರಕ್ಕೆ ಬಾಗಿಲು ತೆರೆದಿಡುತ್ತಾರೆ ಎಂದುಕೊಳ್ಳಬೇಡಿ. ಈ ಪಂಥ ಅಲ್ಲೇ ಎರಡಾಗಿ ಒಡೆಯುತ್ತದೆ. ರ‍್ಯಾಂಡ್ ಪಾಲ್ ಅವರ ತಂದೆ, ಮಾಜಿ ಪ್ರತಿನಿಧಿ ರಾನ್ ಪಾಲ್ ಮುಕ್ತ ವ್ಯಾಪಾರದವರು. 1992ರಲ್ಲಿ ಅಧ್ಯಕ್ಷ ಹಿರಿಯ ಬುಷ್ (ಇರಾಕ್ ಯುದ್ಧದ ಬುಷ್ ಅವರ ತಂದೆ) ವಿರುದ್ಧವೇ ಪಕ್ಷದೊಳಗೆ ಸ್ಪರ್ಧಿಸಿದ ಪ್ಯಾಟ್ ಬುಕಾನನ್ ಕೊಲ್ಲಿ ಯುದ್ಧವನ್ನೂ ವಿರೋಧಿಸಿದರು, ಕೆನಡಾ, ಮೆಕ್ಸಿಕೊ ಜೊತೆಗಿನ ನಾಫ್ಟಾ ವ್ಯಾಪಾರ ಒಪ್ಪಂದವನ್ನೂ ವಿರೋಧಿಸಿದರು, ವಲಸೆಯನ್ನೂ ವಿರೋಧಿಸಿದರು. 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಶೇ 50ರ ಸುಂಕ, ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ (ಉದ್ಯೋಗ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಬಂದಾಗ ಅದರ ಹಿಂದಿದ್ದ ಚಿಂತನೆ ಬುಕಾನನ್ ಕವಲಿಗೆ ಹತ್ತಿರ, ರಾನ್ ಪಾಲ್ ಕವಲಿಗಲ್ಲ.

ಕೊನೆಗೆ, ಉತ್ತರ ಬರೆಯುವಾಗ 2002ರಲ್ಲಿ ಇರಾಕ್ ಯುದ್ಧ ಬೇಡ ಎಂದ ಆ ಆರು ಮಂದಿಯನ್ನು ಒಂದೇ ಚೀಲಕ್ಕೆ ತುಂಬಬೇಡಿ. ರಾನ್ ಪಾಲ್, ಜಾನ್ ಡಂಕನ್, ಜಾನ್ ಹಾಸ್ಟೆಟ್ಲರ್ ಈ ಮೂವರು ಸಂಪ್ರದಾಯವಾದಿ ನೆಲೆಯಿಂದ ಬೇಡ ಎಂದವರು. ಜಿಮ್ ಲೀಚ್, ಅಮೊ ಹೌಟನ್, ಕಾನಿ ಮೊರೆಲ್ಲಾ ಪಕ್ಷದ ಮಿತವಾದಿ ಬಣದವರು. ಸೆನೆಟ್‌ನಲ್ಲಿ ಬೇಡ ಎಂದ ಏಕೈಕ ರಿಪಬ್ಲಿಕನ್ ಲಿಂಕನ್ ಚೇಫಿ ಕೂಡ ಆ ಮಿತವಾದಿ ಬಣದವರೇ, ಮುಂದೆ ಡೆಮಾಕ್ರಟಿಕ್ ಪಕ್ಷ ಸೇರಿದರು.